ಗೆಟ್‌ಗೆ ಎಷ್ಟು ಅರ್ಥ ಅಂತ ಎಣಿಸಬೇಡಿ, ಅದರ ಮುಂದೆ ಏನಿದೆ ನೋಡಿ

ಇಂಗ್ಲಿಷ್‌ನ ಗೆಟ್ ಅನ್ನೋ ಒಂದೇ ಕ್ರಿಯಾಪದಕ್ಕೆ ಡಿಕ್ಷನರಿಯಲ್ಲಿ ಪುಟಗಟ್ಟಲೆ ಅರ್ಥ ಇದೆ, ಅಷ್ಟನ್ನೂ ಬಾಯಿಪಾಠ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಮಾಡಿದರೂ ತಲೆಯಲ್ಲಿ ನಿಲ್ಲುವುದಿಲ್ಲ. ಗೆಟ್ ಒಂದೇ ಹೀಗೆ ಅಂದುಕೊಳ್ಳಬೇಡಿ, ರನ್ ಅನ್ನೋ ಕ್ರಿಯಾಪದಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ 600ಕ್ಕೂ ಹೆಚ್ಚು ಅರ್ಥ ಕೊಟ್ಟಿದೆ. ಅದನ್ನು ಓದಿಕೊಂಡು ಇಂಗ್ಲಿಷ್ ಕಲಿತವರು ಯಾರೂ ಇಲ್ಲ. ನಾವೂ ಅಷ್ಟೇ ಅಲ್ವಾ, ಬಟ್ಟೆ ಹಾಕು, ಬೀಗ ಹಾಕು, ಸಹಿ ಹಾಕು, ಲೈಟ್ ಹಾಕು, ಕೋಳಿ ಮೊಟ್ಟೆ ಹಾಕಿತು ಅಂತ ದಿನವಿಡೀ ಹಾಕುತ್ತಲೇ ಇರುತ್ತೇವೆ, ‘ಹಾಕು’ ಅಂದರೆ ಏನು ಅಂತ ಯಾರಾದರೂ ಕೇಳಿದಾಗ ಮಾತ್ರ ತಡವರಿಸುತ್ತೇವೆ.

ನಾನು ಮಾಡುವುದು ಇಷ್ಟೇ. ಗೆಟ್ ಆದ ಮೇಲೆ ಏನು ಬಂದಿದೆ ಅಂತ ನೋಡುತ್ತೇನೆ. ವಸ್ತು ಬಂದರೆ ಸಿಕ್ಕಿತು, ತಂದೆ, ಕೊಂಡೆ, ಈ ಪೈಕಿ ಯಾವುದೋ ಒಂದು: ‘ಐ ಗಾಟ್ ಎ ಲೆಟರ್’ ಅಂದರೆ ಕಾಗದ ಬಂತು. ಜಾಗ ಬಂದರೆ ತಲುಪಿದೆ: ‘ಐ ಗಾಟ್ ಹೋಮ್ ಅಟ್ ಟೆನ್’. ಇವೆರಡೂ ಸುಲಭ, ಬಿಡಿ.

ಮುಂದೆ ಗುಣವಾಚಕ ಇದ್ದರೆ ‘ಆಗು’. ಇಟ್ಸ್ ಗೆಟ್ಟಿಂಗ್ ಡಾರ್ಕ್, ಕತ್ತಲಾಗ್ತಿದೆ. ಕನ್ನಡದವರು ಜಾಸ್ತಿ ಜಾರುವುದು ಇಲ್ಲೇ. ನಮ್ಮಲ್ಲಿ ಸಿಟ್ಟು ‘ನನಗೆ’ ಬರುತ್ತದೆ, ಬೇಜಾರು ‘ನನಗೆ’ ಆಗುತ್ತದೆ, ಅಂದರೆ ಬರುವುದೂ ಆಗುವುದೂ ಆ ಭಾವನೆಯೇ, ನಾನು ಸುಮ್ನೆ ಕೂತಿರುತ್ತೇನೆ. ಅದನ್ನೇ ತಲೆಯಲ್ಲಿಟ್ಟುಕೊಂಡು ‘ಐ ಗಾಟ್ ಆಂಗರ್’ ಅಂದುಬಿಡುತ್ತೇವೆ. ಇಂಗ್ಲಿಷ್‌ನಲ್ಲಿ ಬದಲಾಗುವುದು ನಾನು: ಐ ಗಾಟ್ ಆಂಗ್ರಿ. ಕಾಯಿಲೆಗೆ ಮಾತ್ರ ನಮ್ಮ ದಾರಿಯೇ ನಡೆಯುತ್ತದೆ, ಐ ಗಾಟ್ ಎ ಕೋಲ್ಡ್ ಅಂದರೆ ಏನೂ ತಪ್ಪಿಲ್ಲ.

ನನಗೆ ಇಷ್ಟವಾದ ಬಳಕೆ ಇನ್ನೊಂದಿದೆ, ಅದು ನಮ್ಮ ‘-ಇಸು’. ಮಾಡಿಸು, ಹೊಲಿಸು, ಬರೆಸು. ‘ಐ ರಿಪೇರ್ಡ್ ದ ಬೈಕ್’ ಅಂದರೆ ಸ್ಪ್ಯಾನರ್ ಹಿಡಿದವನು ನಾನೇ. ‘ಐ ಗಾಟ್ ದ ಬೈಕ್ ರಿಪೇರ್ಡ್’ ಅಂದರೆ ಬೇರೆಯವರ ಕೈಲಿ ಮಾಡಿಸಿದೆ. ಇಲ್ಲಿ ಪದಗಳ ಸಾಲು ಮುಖ್ಯ, ಗೆಟ್, ಆಮೇಲೆ ವಸ್ತು, ಆಮೇಲೆ ರಿಪೇರ್ಡ್, ಸ್ಟಿಚ್ಡ್ ಥರದ ರೂಪ. ವಸ್ತುವಿನ ಬದಲು ಮನುಷ್ಯ ಬಂದರೆ ನಡುವೆ ‘ಟು’ ಬೇಕು: ‘ಐ ಗಾಟ್ ಹಿಮ್ ಟು ಸೈನ್’. ಇದರಲ್ಲಿ ಏನೋ ಹೇಳಿ, ಪುಸಲಾಯಿಸಿ ಒಪ್ಪಿಸಿದ ವಾಸನೆ ಇದೆ. ‘ಐ ಮೇಡ್ ಹಿಮ್ ಸೈನ್’ ಅಂದರೆ ಅಲ್ಲಿ ಬಲವಂತ ಇದೆ, ಮತ್ತೆ ‘ಟು’ ಇಲ್ಲ. ಈ ‘ಟು’ ಎಲ್ಲಿ ಬೇಕು ಎಲ್ಲಿ ಬೇಡ ಅನ್ನೋದಕ್ಕೆ ನನ್ನ ಹತ್ತಿರ ಒಳ್ಳೆ ಸೂತ್ರ ಇಲ್ಲ, ಬಾಯಿಗೆ ರೂಢಿ ಆಗಬೇಕು ಅಷ್ಟೇ.

ಅದೇ ರೂಪ ನೇರವಾಗಿ ಗೆಟ್ ಪಕ್ಕದಲ್ಲೇ ಕೂತರೆ ಕಥೆ ಬೇರೆ. ‘ಹೀ ವಾಸ್ ಮ್ಯಾರೀಡ್’ ಅಂದರೆ ಆಗಲೇ ಮದುವೆಯಾಗಿದ್ದವನು ಅಂತಲೂ ಆಗಬಹುದು. ‘ಹೀ ಗಾಟ್ ಮ್ಯಾರೀಡ್’ ಅಂದರೆ ಮದುವೆ ನಡೆಯಿತು, ಅನುಮಾನವೇ ಇಲ್ಲ. ಗಾಟ್ ಫೈರ್ಡ್, ಗಾಟ್ ಹರ್ಟ್, ಗಾಟ್ ಕಾಟ್ ಅಂತ ಕೆಟ್ಟದ್ದು ಆದಾಗಲೇ ಇದು ಜಾಸ್ತಿ ಕಿವಿಗೆ ಬೀಳುತ್ತದೆ.

ಅಂದ ಹಾಗೆ ಈ ಪದ ಇಂಗ್ಲಿಷ್‌ನ ಸ್ವಂತದ್ದಲ್ಲ, ಇಂಗ್ಲೆಂಡಿಗೆ ಬಂದು ನೆಲೆಸಿದ ವೈಕಿಂಗರ ಹಳೆಯ ನಾರ್ಸ್ ಭಾಷೆಯದ್ದು. ಅದರ ಬಂಧು ಒಂದು ಹಳೆಯ ಇಂಗ್ಲಿಷ್‌ನಲ್ಲೇ ಇತ್ತು, ಈಗಲೂ ಫಾರ್‌ಗೆಟ್ ಒಳಗೆ ಅವಿತುಕೊಂಡಿದೆ. ಅಮೆರಿಕದವರು ‘ಹ್ಯಾವ್ ಗಾಟ್’ ಬದಲು ‘ಹ್ಯಾವ್ ಗಾಟನ್’ ಅಂದರೆ ನಗುವ ಬ್ರಿಟಿಷರು ತಾವು ಮಾತ್ರ ‘ಫಾರ್‌ಗಾಟನ್’ ಅಂತಲೇ ಅನ್ನುತ್ತಾರೆ.

ಗೆಟ್ ಓವರ್, ಗೆಟ್ ಬೈ, ಗೆಟ್ ಅವೇ ವಿತ್ ಥರದವುಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಅವನ್ನು ಒಂದೊಂದೇ ಪದ ಅಂತ, ಓದುವಾಗ ಸಿಕ್ಕ ವಾಕ್ಯದ ಜೊತೆಗೇ ಬರೆದಿಟ್ಟುಕೊಳ್ಳಿ.

ಒಂದು ಕಡೆ ಮಾತ್ರ ಹುಷಾರು. ‘ಐ ಗಾಟ್ ಟು ಸೀ ಹಿಮ್’ ಅಂದರೆ ಅವರನ್ನು ನೋಡುವ ಅವಕಾಶ ಸಿಕ್ಕಿತು. ‘ಐ ಹ್ಯಾವ್ ಗಾಟ್ ಟು ಸೀ ಹಿಮ್’ ಅಂದರೆ ನೋಡಲೇಬೇಕು. ಮಾತಾಡುವಾಗ ಆ ‘ಹ್ಯಾವ್’ ಸವೆದು ‘ಐವ್’ ಆಗಿ, ಕೊನೆಗೆ ಅದೂ ನುಂಗಿಹೋಗಿ ‘ಐ ಗಾಟಾ’ ಅಂತ ಕೇಳಿಸುತ್ತದೆ. ಆಗ ಹಿಂದೆ ಮುಂದೆ ಏನು ಮಾತು ನಡೆದಿತ್ತು ಅನ್ನೋದನ್ನು ನೋಡಿಯೇ ಅರ್ಥ ಹಿಡಿಯಬೇಕು. ಬರೆಯುವಾಗ ನೀವಂತೂ ಆ ‘ಹ್ಯಾವ್’ ಬಿಡಬೇಡಿ.