ಚಂಡಮಾರುತದ ಮಳೆ ನಿಂತ ಮೇಲೆ ಕೊಡಗಿನ ಗದ್ದೆಗಳಲ್ಲಿ ಹಕ್ಕಿ ನೋಡಲು ಹೋಗಬಹುದಾ?

ಖಂಡಿತ ಹೋಗಿ, ಮಳೆ ನಿಂತ ಮರುದಿನ ಬೆಳಗ್ಗೆಯೇ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಡಿಸೆಂಬರ್‌ನಲ್ಲೂ ನಮ್ಮಲ್ಲಿ ಮಳೆ ಬರುತ್ತದೆ, ಅಲ್ವಾ? ಹುತ್ತರಿ ಕಳೆದು ಕೊಯ್ಲಾದ ಗದ್ದೆಯಲ್ಲಿ ನೀರು ನಿಂತು ಮಣ್ಣು ಮೆತ್ತಗಾಗುತ್ತದೆ, ಎರೆಹುಳ ಮೇಲೆ ಬರುತ್ತವೆ.

ಮೊದಲು ಉಲ್ಲಂಕಿ ಹುಡುಕಿ. ಒಣಹುಲ್ಲಿನ ಬಣ್ಣ, ಹತ್ತು ಅಡಿ ದೂರದಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಉದ್ದ ಕೊಕ್ಕನ್ನು ಹೊಲಿಗೆ ಯಂತ್ರದ ಸೂಜಿಯಂತೆ ಕೆಸರಿಗೆ ಚುಚ್ಚುತ್ತಾ ಸಾಗುತ್ತದೆ. ಕೊಕ್ಕಿನ ತುದಿಗೇ ಹುಳ ಇರುವುದು ಗೊತ್ತಾಗುತ್ತದೆ. ಆ ತುದಿಯನ್ನಷ್ಟೇ ತೆರೆದು ಹಿಡಿಯುತ್ತದೆ. ಎಷ್ಟು ನೋಡಿದರೂ ನನಗೆ ಸಾಲದು.

ತೋಡಿನ ಬದಿಯಲ್ಲಿ ಬಾಲ ಕುಣಿಸುವ ಬೂದು ಸಿಪಿಲೆಯೂ ಸಿಗುತ್ತದೆ. ಅದು ಚಳಿಗಾಲದ ಅತಿಥಿ.

ಗದ್ದೆಯವರನ್ನು ಕೇಳಿಕೊಂಡು ಬದುವಿನ ಮೇಲೆಯೇ ನಡೆಯಿರಿ. ಸುಮ್ನೆ ಕೆಸರಿಗೆ ಇಳಿದು ಹಕ್ಕಿ ಎಬ್ಬಿಸಬೇಡಿ.