ತೀರ್ಥಹಳ್ಳಿ ಅಂಚಿನಿಂದ ಒಂದು ಉತ್ತರ: ಹಳ್ಳಿ ಶಾಲೆ ಮಕ್ಕಳು ಇಂಗ್ಲಿಷ್ ಪ್ಯಾಸೇಜ್ ಹೇಗೆ ಕಲಿಯುತ್ತಾರೆ

ಬೆಂಗಳೂರಿನಿಂದ ನಮ್ಮ ಕಡೆಗೆ ಬಂದು ನೆಲೆಸಿದ್ದೀರಿ, ಮಗು ಈಗ ನಾಲ್ಕನೇ ಕ್ಲಾಸು. ಇಲ್ಲಿನ ಹಳ್ಳಿ ಶಾಲೆಗೆ ಹಾಕಿದರೆ ನವೋದಯ (ಕೇಂದ್ರ ಸರ್ಕಾರದ ವಸತಿ ಶಾಲೆ), ಸೈನಿಕ ಶಾಲೆಯಂಥ ಕಡೆ ಸೇರುವ ಪರೀಕ್ಷೆಗಳ ಇಂಗ್ಲಿಷ್ ಪ್ಯಾಸೇಜ್, ಅಂದರೆ ಓದಿ ಉತ್ತರಿಸುವ ಗದ್ಯಭಾಗ, ಬಿಡಿಸೋದಕ್ಕೆ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ಧೈರ್ಯವಾಗಿ ಹೇಳುತ್ತೇನೆ. ಆದರೆ ಇಲ್ಲಿನ ಬದುಕು ಹೇಗಿದೆ ಅಂತ ಸ್ವಲ್ಪ ತಿಳಿದುಕೊಂಡು ಶುರು ಮಾಡಿದರೆ ಮಗುವಿಗೆ ಸುಲಭ. ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಮೊದಲು ಗಡಿ ವಿಷಯ. ಇಂಗ್ಲಿಷಿಗಿಂತ ಮುಂಚೆ ಇದನ್ನೇ ನೋಡಬೇಕು. ನಮ್ಮದು ಶಿವಮೊಗ್ಗ ಜಿಲ್ಲೆಯ ಕೊನೆ. ಒಂದು ಕಡೆ ಕೊಪ್ಪ, ಶೃಂಗೇರಿ, ಅಂದರೆ ಚಿಕ್ಕಮಗಳೂರು ಜಿಲ್ಲೆ. ಇನ್ನೊಂದು ಕಡೆ ಆಗುಂಬೆ ಘಾಟಿ ಇಳಿದರೆ ಉಡುಪಿ ಜಿಲ್ಲೆ. ದಿನದ ಬದುಕಿನಲ್ಲಿ ಈ ಗಡಿ ನಮಗೆ ಗೊತ್ತೇ ಆಗುವುದಿಲ್ಲ. ತೋಟ ಇಲ್ಲಿ, ಸಂತೆ ಅಲ್ಲಿ, ನೆಂಟರು ಎರಡೂ ಕಡೆ. ಬಸ್ಸು ಯಾವ ಕಡೆಗೆ ಸರಿಯಾಗಿ ಸಿಗುತ್ತದೋ ಆ ಕಡೆಯ ಶಾಲೆಗೆ ಮಕ್ಕಳು ಹೋಗುತ್ತಾರೆ. ಆದರೆ ನವೋದಯಕ್ಕೆ ಜಿಲ್ಲೆ ಮುಖ್ಯ. ಮಗು ವಾಸ ಇರುವುದೂ ಐದನೇ ತರಗತಿ ಓದುವುದೂ ಒಂದೇ ಜಿಲ್ಲೆಯಲ್ಲಿ ಆಗಬೇಕು, ಆ ಜಿಲ್ಲೆಯ ನವೋದಯಕ್ಕೇ ಅರ್ಜಿ ಹಾಕಬೇಕು. ಶಿವಮೊಗ್ಗದ್ದು ಗಾಜನೂರಿನಲ್ಲಿದೆ, ತುಂಗಾ ಅಣೆಕಟ್ಟಿನ ಹತ್ತಿರ. ಚಿಕ್ಕಮಗಳೂರಿನದ್ದು ಬಾಳೆಹೊನ್ನೂರಿನ ಕಡೆ. ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಶಾಲೆ ಕೊಪ್ಪ ತಾಲ್ಲೂಕಿನಲ್ಲಿ ಅಂತಾದರೆ ತೊಂದರೆ. ನೀವು ಐದನೇ ಕ್ಲಾಸಿಗೆ ಸೇರಿಸುವ ಮೊದಲೇ ಇದನ್ನು ಯೋಚಿಸಿ.

ಇನ್ನೊಂದು ಮಾತು, ಪಟ್ಟಣದಿಂದ ಬಂದವರಿಗೆ ಇದು ತುಂಬ ಮುಖ್ಯ. ನವೋದಯದಲ್ಲಿ ಒಂದು ಶಾಲೆಗೆ ಹೆಚ್ಚೆಂದರೆ 80 ಮಕ್ಕಳನ್ನು ಆರನೇ ತರಗತಿಗೆ ತೆಗೆದುಕೊಳ್ಳುತ್ತಾರೆ, ಅದರಲ್ಲಿ ಕನಿಷ್ಠ ಶೇಕಡಾ 75 ಸೀಟು ಗ್ರಾಮೀಣ ಮಕ್ಕಳಿಗೆ. ಗ್ರಾಮೀಣ ಅನ್ನಿಸಿಕೊಳ್ಳಬೇಕಾದರೆ 3, 4 ಮತ್ತು 5ನೇ ತರಗತಿ ಮೂರೂ ಪೂರ್ತಿ ಹಳ್ಳಿ ಶಾಲೆಯಲ್ಲೇ ಆಗಿರಬೇಕು. ನಿಮ್ಮ ಮಗು ಮೂರನೇ ಕ್ಲಾಸು ಬೆಂಗಳೂರಿನಲ್ಲಿ ಓದಿದ್ದರೆ ಈಗ ಹಳ್ಳಿಯಲ್ಲಿದ್ದರೂ ನಗರದ ಲೆಕ್ಕಕ್ಕೇ ಬರುತ್ತದೆ. ಆಗ ಸ್ಪರ್ಧೆ ಜಾಸ್ತಿ. ಆ ಪರೀಕ್ಷೆಯನ್ನು ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. ಹಾಗಾಗಿ ಅದೊಂದನ್ನೇ ನಂಬಿ ಕೂರಬೇಡಿ. ರಾಜ್ಯ ಸರ್ಕಾರದ ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆಮೇಲೆ ಸೈನಿಕ ಶಾಲೆ ಎಲ್ಲವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಈಗ ಇಂಗ್ಲಿಷ್ ಎಲ್ಲೆಲ್ಲಿ ಬೇಕು ಅಂತ ನೋಡೋಣ. ನವೋದಯದಲ್ಲಿ ಒಟ್ಟು 80 ಪ್ರಶ್ನೆ, 100 ಅಂಕ, 2 ಗಂಟೆ. ಅದರಲ್ಲಿ ಭಾಷೆಯ ಭಾಗಕ್ಕೆ 20 ಪ್ರಶ್ನೆ, 25 ಅಂಕ. ನಾಲ್ಕು ಪ್ಯಾಸೇಜ್, ಒಂದೊಂದಕ್ಕೆ ಐದು ಪ್ರಶ್ನೆ, ಅಷ್ಟೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಈ ಪತ್ರಿಕೆಯನ್ನು ಕನ್ನಡದಲ್ಲೇ ಬರೆಯಬಹುದು ಅನ್ನುವುದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ. ಗೊತ್ತಿದ್ದವರಲ್ಲೂ ಕೆಲವರು ಮರ್ಯಾದೆಗೆ ಅಂತ ಇಂಗ್ಲಿಷ್ ಆರಿಸುತ್ತಾರೆ. ಕನ್ನಡ ಮಾಧ್ಯಮದ ಮಗುವಿಗೆ ಹಾಗೆ ಮಾಡುವುದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ. ಆಗ ಗಣಿತದ ಪ್ರಶ್ನೆಯೂ ಇಂಗ್ಲಿಷಿನಲ್ಲೇ ಬರುತ್ತದೆ, ಲೆಕ್ಕ ಗೊತ್ತಿದ್ದ ಮಗು ಪ್ರಶ್ನೆ ಅರ್ಥವಾಗದೆ ಅಂಕ ಕಳೆದುಕೊಳ್ಳುತ್ತದೆ.

ಹಾಗಂತ ಇಂಗ್ಲಿಷ್ ಬಿಡುವ ಹಾಗಿಲ್ಲ. ಆದರ್ಶ ಮತ್ತು ಮೊರಾರ್ಜಿ ಶಾಲೆಗಳ ಪರೀಕ್ಷೆಯಲ್ಲಿ ಇಂಗ್ಲಿಷ್ ಪ್ರಶ್ನೆಗಳು ಇದ್ದೇ ಇರುತ್ತವೆ. ಆದರ್ಶದಲ್ಲಿ ಸೇರಿದ ಮೇಲೆ ಪಾಠವೂ ಇಂಗ್ಲಿಷ್ ಮಾಧ್ಯಮವೇ. ಸೈನಿಕ ಶಾಲೆಯ ಆರನೇ ತರಗತಿ ಪರೀಕ್ಷೆಯಲ್ಲಿ 300 ಅಂಕದಲ್ಲಿ 50 ಭಾಷೆಗೆ. ಒಂಬತ್ತನೇ ತರಗತಿಗೆ ಬರೆಯುವವರಿಗಂತೂ ಇಡೀ ಪತ್ರಿಕೆ ಇಂಗ್ಲಿಷ್.

ನಮ್ಮ ಮಕ್ಕಳಿಗೆ ಕಷ್ಟ ಎಲ್ಲಿ ಅಂತ ಕೇಳಿದರೆ ಎಲ್ಲರೂ ಹೇಳುವುದು ಒಂದೇ: ಪದ ಗೊತ್ತಿಲ್ಲ. ನನಗೆ ಹಾಗೆ ಕಾಣುವುದಿಲ್ಲ. ಸರ್ಕಾರಿ ಶಾಲೆಗಳಲ್ಲಿ 2007ರಿಂದಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಇದೆ. ಐದನೇ ತರಗತಿಗೆ ಬರುವ ಹೊತ್ತಿಗೆ ಪದಗಳು ತಕ್ಕಮಟ್ಟಿಗೆ ಬಂದಿರುತ್ತವೆ. ಇಲ್ಲದೇ ಇರುವುದು ಒಂದು ಪುಟವನ್ನು ಒಬ್ಬರೇ ಕೂತು, ಬಾಯಿ ಬಿಡದೆ, ಕೊನೆಯವರೆಗೆ ಓದುವ ಅಭ್ಯಾಸ. ಮಲೆನಾಡಿನ ಸಣ್ಣ ಶಾಲೆಗಳನ್ನು ನೀವು ನೋಡಿರುತ್ತೀರಿ. ಎಷ್ಟೋ ಕಡೆ ಒಬ್ಬರೋ ಇಬ್ಬರೋ ಟೀಚರು, ಐದು ತರಗತಿ. ಒಂದರಿಂದ ಮೂರರವರೆಗಿನ ಮಕ್ಕಳು ನಲಿ ಕಲಿ ಅನ್ನುವ ಚಟುವಟಿಕೆ ಪದ್ಧತಿಯಲ್ಲಿ ಒಟ್ಟಿಗೆ ಕೂರುತ್ತಾರೆ. ಇಂಗ್ಲಿಷ್ ಪಾಠ ಅಂದರೆ ಟೀಚರು ಒಂದು ವಾಕ್ಯ ಓದುತ್ತಾರೆ, ಮಕ್ಕಳು ಜೋರಾಗಿ ಹೇಳುತ್ತಾರೆ, ಟೀಚರು ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಆಮೇಲೆ ಬೋರ್ಡಿನ ಮೇಲೆ ಬರೆದ ಪ್ರಶ್ನೋತ್ತರ ಕಾಪಿ ಮಾಡುತ್ತಾರೆ. ಟೀಚರನ್ನು ನಾನು ದೂರುವುದಿಲ್ಲ, ಅವರಿಗೆ ಬಿಸಿಯೂಟದ ಲೆಕ್ಕದಿಂದ ಹಿಡಿದು ಎಲ್ಲವೂ ತಲೆ ಮೇಲೆ. ಆದರೆ ಇದರಲ್ಲಿ ಅರ್ಥ ಯಾವಾಗಲೂ ಬೇರೆಯವರಿಂದ ಬರುತ್ತದೆ. ಪರೀಕ್ಷೆ ಹಾಲಿನಲ್ಲಿ ಅರ್ಥ ಹೇಳುವವರು ಇರುವುದಿಲ್ಲ, ಅಲ್ವಾ?

ಮನೆಮಾತಿನ ವಿಷಯವೂ ಇದೆ. ಹೊರಗಿನವರು ಇಲ್ಲಿ ಎಲ್ಲರೂ ಕನ್ನಡವೇ ಅಂದುಕೊಳ್ಳುತ್ತಾರೆ. ಆಗುಂಬೆ ಕಡೆ ತುಳು ಮಾತಾಡುವ ಮನೆಗಳಿವೆ, ಕೊಂಕಣಿ ಇದೆ, ಉರ್ದು ಇದೆ, ಬ್ಯಾರಿ ಇದೆ. ಸಾಗರ, ಹೊಸನಗರದ ಕಡೆ ಹವ್ಯಕರ ಮಾತು. ಶಿಕಾರಿಪುರದ ತಾಂಡಾಗಳಲ್ಲಿ ಲಂಬಾಣಿ, ಭದ್ರಾವತಿಯಲ್ಲಿ ತಮಿಳು. ಈ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಪುಸ್ತಕದ ಕನ್ನಡವೇ ಎರಡನೇ ಭಾಷೆ. ಅವರು ಹೊಸ ಭಾಷೆಗೆ ಹೆದರುವುದಿಲ್ಲ. ಒಂದು ಮಾತು ಪೂರ್ತಿ ತಿಳಿಯದಿದ್ದರೂ ಸುತ್ತಮುತ್ತ ನೋಡಿ ಅಂದಾಜು ಮಾಡುವುದು ಅವರಿಗೆ ಚಿಕ್ಕಂದಿನಿಂದಲೇ ಬಂದಿರುತ್ತದೆ. ಪ್ಯಾಸೇಜ್ ಬಿಡಿಸುವುದಕ್ಕೆ ಬೇಕಾದ್ದೂ ಅದೇ ಬುದ್ಧಿ.

ನಮ್ಮ ಜಗಲಿಯಲ್ಲಿ ಸಂಜೆ ಅಕ್ಕಪಕ್ಕದ ಮಕ್ಕಳು ಬಂದು ಕೂರುತ್ತಾರೆ. ನಾವು ಶುರು ಮಾಡುವುದು ಕನ್ನಡದಿಂದ. ಒಂದು ಸಣ್ಣ ಕಥೆಯೋ ಪತ್ರಿಕೆಯ ತುಣುಕೋ ಕೊಡುತ್ತೇನೆ. ತುಟಿ ಅಲ್ಲಾಡಿಸದೆ ಓದಬೇಕು. ಆಮೇಲೆ ಪ್ರಶ್ನೆ ಕೇಳುತ್ತೇನೆ. ಬಾಯಲ್ಲಿ ಉತ್ತರ ಹೇಳುವ ಹಾಗಿಲ್ಲ, ಉತ್ತರ ಇರುವ ಸಾಲಿನ ಮೇಲೆ ಬೆರಳಿಡಬೇಕು. ಇದು ಸುಲಭ ಅಂತ ಕಾಣುತ್ತದೆ, ಆದರೆ ಚುರುಕಾದ ಮಕ್ಕಳೇ ಇಲ್ಲಿ ತಡವರಿಸುತ್ತಾರೆ. ಉತ್ತರ ತಲೆಯಲ್ಲಿದೆ, ಪುಟದಲ್ಲಿ ಯಾಕೆ ಹುಡುಕಬೇಕು ಅನ್ನುತ್ತಾರೆ. ಕನ್ನಡದಲ್ಲಿ ಬೆರಳಿಡುವುದು ರೂಢಿಯಾದ ಮೇಲೆ ಅದೇ ಆಟ ಇಂಗ್ಲಿಷಿನಲ್ಲಿ.

ನಾನೇ ಬರೆದುಕೊಟ್ಟ ಒಂದು ಪ್ಯಾಸೇಜ್ ಹೇಳುತ್ತೇನೆ. ಒಬ್ಬ ಅಜ್ಜಿ ಹಲಸಿನ ಹಪ್ಪಳ ಮಾಡಿ ಸಂತೆಗೆ ಹೊರಡುತ್ತಾಳೆ. ದಾರಿಯಲ್ಲಿ ಮಳೆ, ಹಪ್ಪಳ ಒದ್ದೆ. ಆದರೂ ಒಬ್ಬ ಅಂಗಡಿಯವನು ಎಲ್ಲವನ್ನೂ ಕೊಂಡುಕೊಳ್ಳುತ್ತಾನೆ, ಯಾಕೆಂದರೆ ಅವನು ಹಿಂದೆ ಕಷ್ಟದಲ್ಲಿದ್ದಾಗ ಅಜ್ಜಿ ಅವನಿಗೆ ಊಟ ಹಾಕಿರುತ್ತಾಳೆ. ಪ್ರಶ್ನೆ: ಅಂಗಡಿಯವನು ಯಾಕೆ ಕೊಂಡ? ಆಪ್ಷನ್ ನಾಲ್ಕು: ಕಡಿಮೆ ಬೆಲೆ ಅಂತ, ಹಪ್ಪಳ ಇಷ್ಟ ಅಂತ, ಹಿಂದಿನ ಉಪಕಾರಕ್ಕೆ, ಮಳೆ ಬಂತು ಅಂತ. ಸುಮಾರು ಮಕ್ಕಳು ಎರಡನೆಯದನ್ನು ಗುರುತಿಸಿದರು. ಕೇಳಿದರೆ, ಹಲಸಿನ ಹಪ್ಪಳ ಯಾರಿಗೆ ಇಷ್ಟ ಇಲ್ಲ ಅನ್ನುತ್ತಾರೆ! ನಿಜವೇ. ಆದರೆ ಆ ಪುಟದಲ್ಲಿ ಹಾಗೆ ಬರೆದಿಲ್ಲ. ತನಗೆ ಗೊತ್ತಿರುವುದು ಬೇರೆ, ಪುಟ ಹೇಳುವುದು ಬೇರೆ. ಇದು ಒಮ್ಮೆ ಮನಸ್ಸಿಗೆ ಇಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೇ ನಾನು ಸರಿ ಉತ್ತರ ಯಾವುದು ಅಂತ ಕೇಳುವುದಕ್ಕಿಂತ, ಉಳಿದ ಮೂರು ಯಾಕೆ ತಪ್ಪು ಅಂತ ಜಾಸ್ತಿ ಕೇಳುತ್ತೇನೆ.

ಮೊದಲು ಪ್ರಶ್ನೆ ಓದಿ ಆಮೇಲೆ ಪ್ಯಾಸೇಜ್ ಓದಿ ಅಂತ ಕೋಚಿಂಗಿನಲ್ಲಿ ಹೇಳಿಕೊಡುತ್ತಾರೆ. ದೊಡ್ಡವರಿಗೆ ಸರಿಯಿರಬಹುದು. ಹತ್ತು ವರ್ಷದ ಮಗುವಿಗೆ ಇದು ಬೇಡ. ಪ್ರಶ್ನೆಯಲ್ಲಿದ್ದ ಪದವನ್ನೇ ಪ್ಯಾಸೇಜಿನಲ್ಲಿ ಹುಡುಕಿ, ಅದರ ಪಕ್ಕ ಸಿಕ್ಕಿದ್ದನ್ನು ಗುರುತು ಹಾಕಿಬಿಡುತ್ತದೆ. ತಪ್ಪು ಆಪ್ಷನ್‌ಗಳನ್ನು ಪ್ಯಾಸೇಜಿನ ಪದಗಳಿಂದಲೇ ಮಾಡಿರುತ್ತಾರೆ, ನೆನಪಿರಲಿ. ಮೊದಲು ಒಂದು ಸಲ ಪೂರ್ತಿ ಓದಲಿ, ಆಮೇಲೆ ಪ್ರಶ್ನೆ, ಆಮೇಲೆ ಮತ್ತೆ ಪುಟಕ್ಕೆ. ನವೋದಯದಲ್ಲಿ ಭಾಷೆಗೆ ಅರ್ಧ ಗಂಟೆ ಅಂತ ಇಟ್ಟುಕೊಂಡರೆ ಒಂದು ಪ್ಯಾಸೇಜಿಗೆ ಏಳು ನಿಮಿಷ ಸಿಗುತ್ತದೆ, ಅದು ಸಾಕು.

ಪ್ಯಾಸೇಜಿನಲ್ಲಿ ಹಿಮ ಬರುತ್ತದೆ, ಹಡಗು ಬರುತ್ತದೆ, ನಾಲಿಗೆ ಹೊರಳದ ಹೆಸರುಗಳು ಬರುತ್ತವೆ. ನಮ್ಮ ಮಕ್ಕಳು ಹೆಸರಿನ ಹತ್ತಿರವೇ ನಿಂತುಬಿಡುತ್ತಾರೆ. ಹೆಸರು ಓದೋಕೆ ಬರದಿದ್ದರೆ ಅದರ ಮೊದಲ ಅಕ್ಷರದಿಂದ ಕರೆದುಕೊಂಡು ಮುಂದೆ ಹೋಗು ಅನ್ನುತ್ತೇನೆ. ಎಂ ಅನ್ನುವವನು ಹೋದ, ಎಂ ಅನ್ನುವವನು ಬಂದ, ಅಷ್ಟೇ ಸಾಕು. ಅವನು, ಅವಳು, ಅದು ಅಂತ ಬಂದಾಗ ಯಾರ ಮಾತು ಅಂತ ಗೆರೆ ಎಳೆದು ತೋರಿಸಲಿ. ಬಟ್, ಬಿಕಾಸ್, ಸೋ, ದೋ ಕಂಡಲ್ಲಿ ಸುತ್ತು ಹಾಕಲಿ, ಕಥೆ ತಿರುಗುವುದು ಅಲ್ಲೇ. ಪ್ರಶ್ನೆಯಲ್ಲಿ ನಾಟ್ ಇದೆಯಾ ಅಂತ ಎರಡು ಸಲ ನೋಡಲಿ. ಪ್ಯಾಸೇಜಿಗೆ ಹೆಸರಿಡಿ ಅನ್ನುವ ಪ್ರಶ್ನೆಗೆ ಒಂದೇ ಸಾಲಿಗೆ ಹೊಂದುವ ಹೆಸರು ಬೇಡ, ಇಡೀ ಪ್ಯಾಸೇಜಿಗೆ ಒಪ್ಪಬೇಕು. ಪದದ ಅರ್ಥ ಕೇಳಿದರೆ ನಾಲ್ಕೂ ಆಪ್ಷನ್‌ಗಳನ್ನು ಒಂದೊಂದಾಗಿ ಆ ವಾಕ್ಯದಲ್ಲಿ ಕೂರಿಸಿ ಓದಲಿ.

ಗೈಡುಗಳ ಬಗ್ಗೆ ಕೇಳಿದ್ದೀರಿ. ಒಂದು ತನ್ನಿ, ಸಾಕು. ದಿನಕ್ಕೆ ಐದು ಪ್ಯಾಸೇಜ್ ಬಿಡಿಸಿ ಹಿಂದಿನ ಪುಟದ ಉತ್ತರ ನೋಡಿ ಟಿಕ್ ಹಾಕುವುದರಿಂದ ಏನೂ ಬರುವುದಿಲ್ಲ. ದಿನಕ್ಕೆ ಒಂದೇ ಮಾಡಿ, ಚೆನ್ನಾಗಿ ಮಾಡಿ. ನವೋದಯದ ಪ್ರಾಸ್ಪೆಕ್ಟಸ್‌ನಲ್ಲೇ ಮಾದರಿ ಪ್ರಶ್ನೆಗಳಿರುತ್ತವೆ. ಎನ್‌ಸಿಇಆರ್‌ಟಿಯ ಇಂಗ್ಲಿಷ್ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಮೂರನೇ ಕ್ಲಾಸಿನದ್ದರಿಂದ ಶುರು ಮಾಡಿ, ನಾಚಿಕೆ ಬೇಡ. ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಊರಿನ ಗ್ರಂಥಾಲಯಕ್ಕೆ, ಮಗುವನ್ನು ಸದಸ್ಯ ಮಾಡಿಸಿ, ಮಕ್ಕಳಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಈಗ ಕಾಲದ ಲೆಕ್ಕ. ಬೆಂಗಳೂರಿನವರಿಗೆ ಇದು ಹೊಸದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಜುಲೈ, ಆಗಸ್ಟ್‌ನಲ್ಲಿ ರಜೆ ಘೋಷಣೆ ಆಗುತ್ತಲೇ ಇರುತ್ತದೆ. ಮರ ಬಿದ್ದು ಕರೆಂಟು ಹೋದರೆ ಎರಡು ಮೂರು ದಿನ ಬಾರದೆ ಇರುವುದೂ ಉಂಟು, ನೆಟ್‌ವರ್ಕ್ ಅದರ ಹಿಂದೆಯೇ ಹೋಗುತ್ತದೆ. ಮೊಬೈಲ್ ಆ್ಯಪ್ ನಂಬಿ ಅಭ್ಯಾಸ ಇಟ್ಟುಕೊಂಡರೆ ಆಗ ಎಲ್ಲ ನಿಲ್ಲುತ್ತದೆ. ಪ್ಯಾಸೇಜ್‌ಗಳನ್ನು ಮೇ ತಿಂಗಳಲ್ಲೇ ಪ್ರಿಂಟ್ ತೆಗೆಸಿ ಇಟ್ಟುಕೊಳ್ಳಿ. ಮಳೆಗಾಲದ ಮಧ್ಯಾಹ್ನ ಓದಿಗೆ ಬಹಳ ಒಳ್ಳೆಯದು, ಮಗು ಎಲ್ಲಿಗೂ ಓಡುವುದಿಲ್ಲ.

ದೀಪಾವಳಿ ಕಳೆದರೆ ಅಡಿಕೆ ಕೊಯ್ಲು. ಕೊನೆಗೌಡರು (ಮರ ಹತ್ತಿ ಅಡಿಕೆ ಗೊನೆ ಇಳಿಸುವವರು) ಬಂದರು ಅಂದರೆ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ರಾತ್ರಿ ತಡವಾಗುವವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ, ಬೆಳಗ್ಗೆ ಬೇಯಿಸಬೇಕು, ಒಣಗಿಸಬೇಕು. ಮಕ್ಕಳೂ ಕೈಜೋಡಿಸುತ್ತಾರೆ. ನವೋದಯದ ಪರೀಕ್ಷೆ ಇತ್ತೀಚೆಗೆ ಡಿಸೆಂಬರ್, ಜನವರಿ ಹೊತ್ತಿಗೇ ಬರುತ್ತಿದೆ, ಅಂದರೆ ಸರಿಯಾಗಿ ಈ ಗಡಿಬಿಡಿಯಲ್ಲೇ. ಹಾಗಾಗಿ ಹೊಸದಾಗಿ ಕಲಿಸುವುದೆಲ್ಲ ದೀಪಾವಳಿಯೊಳಗೆ ಮುಗಿಸಿ. ಆಮೇಲೆ ಹಳೆಯ ಪತ್ರಿಕೆ ಬಿಡಿಸುವುದಷ್ಟೇ ಇರಲಿ.

ಆದರೆ ಆ ಸುಲಿಯುವ ರಾತ್ರಿಗಳನ್ನು ನಾವು ಬೇರೆ ರೀತಿ ಬಳಸುತ್ತೇವೆ. ಅವತ್ತು ಓದಿದ ಇಂಗ್ಲಿಷ್ ಪ್ಯಾಸೇಜನ್ನು ಮಗು ಸುಲಿಯುವವರ ಮುಂದೆ ಕನ್ನಡದಲ್ಲಿ ಹೇಳಬೇಕು. ತುಳು ಮನೆಯಾದರೆ ತುಳುವಿನಲ್ಲೇ ಹೇಳಲಿ. ಅಲ್ಲಿ ಕೂತ ಅತ್ತೆ, ಚಿಕ್ಕಮ್ಮ, ಕೆಲಸಕ್ಕೆ ಬಂದ ಅಕ್ಕಂದಿರು ಸುಮ್ನೆ ಕೇಳುವುದಿಲ್ಲ. ಆಮೇಲೆ ಎಂತ ಆಯ್ತು, ಅವನು ಯಾಕೆ ಹಾಗೆ ಮಾಡಿದ ಮಾರಾಯ, ಅವಳಿಗೆ ಹೇಗೆ ಗೊತ್ತಾಯ್ತು ಅಂತ ಕೇಳುತ್ತಲೇ ಇರುತ್ತಾರೆ. ಪರೀಕ್ಷೆಯಲ್ಲಿ ಕೇಳುವುದೂ ಇಂಥ ಪ್ರಶ್ನೆಗಳೇ. ಉತ್ತರ ಬರದಿದ್ದರೆ ಮಗು ಎದ್ದು ಹೋಗಿ ಹಾಳೆ ತಂದು ಮತ್ತೆ ನೋಡುತ್ತದೆ. ತಾನಾಗಿಯೇ ನೋಡುತ್ತದೆ, ಅದೇ ಖುಷಿ. ಇಂಗ್ಲಿಷ್ ಬಾರದ ಅಮ್ಮಂದಿರು ನಮ್ಮಿಂದ ಏನು ಆಗುತ್ತದೆ ಅಂತ ಕೇಳಿದಾಗಲೆಲ್ಲ ನಾನು ಇದನ್ನೇ ಹೇಳುತ್ತೇನೆ.

ನವೋದಯ ಪರೀಕ್ಷೆಯ ಉತ್ತರ ಗುರುತಿಸುವುದು ಓಎಂಆರ್ ಶೀಟಿನಲ್ಲಿ, ಅಂದರೆ ಗುಂಡಿ ತುಂಬುವ ಹಾಳೆಯಲ್ಲಿ, ಬಾಲ್ ಪೆನ್ನಿನಿಂದ. ಒಮ್ಮೆ ತುಂಬಿದ ಗುಂಡಿಯನ್ನು ಬದಲಿಸುವ ಹಾಗಿಲ್ಲ. ಹಳ್ಳಿ ಮಕ್ಕಳು ಪೆನ್ಸಿಲ್ಲು, ರಬ್ಬರಿನಲ್ಲೇ ಬೆಳೆದಿರುತ್ತಾರೆ. ಕೊನೆಯ ಎರಡು ತಿಂಗಳು ಪೆನ್ನಿನಲ್ಲೇ ಅಭ್ಯಾಸ ಮಾಡಿಸಿ.

ನವೋದಯದ ಅರ್ಜಿಗೆ ಶುಲ್ಕವಿಲ್ಲ, ಆನ್‌ಲೈನಿನಲ್ಲೇ ಹಾಕಬೇಕು. ಕೆಲವು ವರ್ಷಗಳಿಂದ ಅದು ಮಳೆಗಾಲದಲ್ಲೇ ಬರುತ್ತಿದೆ, ಕೊನೆಯ ದಿನಕ್ಕೆ ಕಾದರೆ ನೆಟ್‌ವರ್ಕ್ ಸಿಗುವುದಿಲ್ಲ. ಹೆಡ್‌ಮಾಸ್ಟರ ಸಹಿ ಇರುವ ಪ್ರಮಾಣಪತ್ರ ಬೇಕು, ಫೋಟೋ ಬೇಕು, ಮಗುವಿನ ಸಹಿಯೂ ಬೇಕು. ಮೂರನೇ ಕ್ಲಾಸಿನ ದಾಖಲೆ ಬೆಂಗಳೂರಿನ ಶಾಲೆಯಿಂದ ತರಿಸಬೇಕಾಗಿದ್ದರೆ ಈ ಬೇಸಿಗೆಯಲ್ಲೇ ಬರೆದು ಕೇಳಿ.