ಚಳಿ ದೇಶದಲ್ಲೂ ಸೊಳ್ಳೆ ಇದೆ
ಮಂಡ್ಯದಿಂದ ಫ್ರೈಬರ್ಗ್‌ಗೆ ಓದಲು ಬರುತ್ತಿದ್ದೀರಿ. "ಜರ್ಮನಿ ಚಳಿ ದೇಶ, ಸೊಳ್ಳೆ, ಡೆಂಗ್ಯೂ ಭಯ ಇರಲ್ಲ ಅಲ್ವಾ ಸಾರ್? ಅಮ್ಮ ಸುಮ್ನೆ ಸೊಳ್ಳೆ ಪರದೆ ಕಟ್ಟಿಡುತ್ತಿದ್ದಾರೆ" ಅಂತ ಕೇಳಿದ್ದೀರಿ.

ಪರದೆ ಬೇಡ. ಕಿಟಕಿಗೆ ಹಾಕುವ ಜಾಲರಿ ಇಲ್ಲೇ ಸಿಗುತ್ತದೆ. ನಾಲೆ ಬಯಲಿನಲ್ಲಿ ಬೆಳೆದವರಿಗೆ ಇಲ್ಲಿನ ಸೊಳ್ಳೆ ಯಾವ ಲೆಕ್ಕ! ಆದರೆ ಇಲ್ಲವೇ ಇಲ್ಲ ಅನ್ನುವ ಕಾಲ ಹೋಯಿತು.

ಬೇಸಿಗೆಯಲ್ಲಿ ಬಾಲ್ಕನಿಯಲ್ಲಿ ಕೂತರೆ ಹಾಡಹಗಲೇ ಕಾಲಿಗೆ ಕಚ್ಚುತ್ತದೆ. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ, ಬೆನ್ನ ಮೇಲೆ ನೆಟ್ಟಗೆ ಒಂದೇ ಬಿಳಿ ಗೆರೆ. ಇದೇ ಏಷ್ಯನ್ ಟೈಗರ್ ಸೊಳ್ಳೆ, ನಮ್ಮ ಕಡೆಯದೇ. ಯುರೋಪಿನಲ್ಲಿ ಮೊದಲು 1979ರಲ್ಲಿ ಅಲ್ಬೇನಿಯಾ ದೇಶದಲ್ಲಿ ಕಾಣಿಸಿಕೊಂಡಿತು. 1990ರಲ್ಲಿ ಇಟಲಿಯ ಜಿನೋವಾಕ್ಕೆ ಬಂದದ್ದು ಹಳೇ ಟೈರುಗಳ ಜೊತೆ. ಆಮೇಲೆ ಕಾರು, ಲಾರಿ ಹತ್ತಿ ಉತ್ತರಕ್ಕೆ ಬಂತು. ವೀಸಾ ಕೇಳಿದವರಿಲ್ಲ!

ಹಿಮ ಬಿದ್ದರೆ ಸಾಯುವುದಿಲ್ಲವೇ? ಸೊಳ್ಳೆ ಸಾಯುತ್ತದೆ, ಮೊಟ್ಟೆ ಉಳಿಯುತ್ತದೆ. ಹಗಲು ಚಿಕ್ಕದಾಗುತ್ತಿದ್ದಂತೆ ಹೆಣ್ಣು ಸೊಳ್ಳೆ ಚಳಿ ತಡೆಯುವ ಮೊಟ್ಟೆ ಇಡುತ್ತದೆ. ಒಳಗಿನ ಮರಿ ಚಳಿಗಾಲವೆಲ್ಲ ಸುಮ್ಮನಿದ್ದು, ಬೆಚ್ಚಗಾಗಿ ನೀರು ತಾಗಿದ ಮೇಲೆ ಹೊರಬರುತ್ತದೆ. ನಮ್ಮೂರಲ್ಲಿ ಡೆಂಗ್ಯೂ ಹರಡುವ ಈಡಿಸ್ ಈಜಿಪ್ಟಿಗೆ ಈ ವಿದ್ಯೆ ಬರುವುದಿಲ್ಲ. ಸಾಲದ್ದಕ್ಕೆ ಇಲ್ಲಿನ ಚಳಿಗಾಲವೂ ಮೊದಲಿನಷ್ಟು ಬಿಗಿಯಾಗಿಲ್ಲ. ಮೈಸೂರಿನ ನಮ್ಮ ಮನೆಗೆ ಆಶಾ ಕಾರ್ಯಕರ್ತೆ ಬಂದು ಡ್ರಮ್ಮಿನ ಮುಚ್ಚಳ ಎತ್ತಿ ನೋಡುವ ಹಾಗೆ, ಇಲ್ಲೂ ಮಳೆನೀರಿನ ಪೀಪಾಯಿ ನೋಡಲು ಜನ ಬರುತ್ತಾರೆ. ಮರಿಗಳನ್ನು ಕೊಲ್ಲುವ ಬಿಟಿಐ ಅನ್ನೋ ಬ್ಯಾಕ್ಟೀರಿಯಾ ಮದ್ದು ಹಾಕುತ್ತಾರೆ.

ಈ ಸೊಳ್ಳೆ ಕಚ್ಚಿದ ಮಾತ್ರಕ್ಕೆ ಡೆಂಗ್ಯೂ ಬರುವುದಿಲ್ಲ. ಅದು ಮೊದಲು ಸೋಂಕಿರುವ ಮನುಷ್ಯನ ರಕ್ತ ಕುಡಿದಿರಬೇಕು. ಊರಿಗೆ ಹೋಗಿ ಬಂದ ನಾವೇ ಆ ಮನುಷ್ಯ ಆಗಬಹುದು. 2007ರಲ್ಲಿ ಇಟಲಿಯ ರವೆನ್ನಾ ಬಳಿಯ ಹಳ್ಳಿಗಳಲ್ಲಿ ಚಿಕುನ್‌ಗುನ್ಯಾ ಹಬ್ಬಿ 200ಕ್ಕೂ ಹೆಚ್ಚು ಜನ ಮಲಗಿದರು. ಶುರುವಾಗಿದ್ದು ಕೇರಳದಿಂದ ನೆಂಟರ ಮನೆಗೆ ಬಂದಿದ್ದ ಒಬ್ಬರ ಜ್ವರದಿಂದ. ಫ್ರಾನ್ಸಿನಲ್ಲಿ 2022ರಲ್ಲಿ 65 ಜನರಿಗೆ ದೇಶದೊಳಗೇ ಡೆಂಗ್ಯೂ ತಗುಲಿತು.

ಆದ್ದರಿಂದ ಮಳೆಗಾಲದಲ್ಲಿ ಊರಿಗೆ ಹೋಗಿ ಬಂದು ಎರಡು ವಾರದೊಳಗೆ ಜ್ವರ ಬಂದರೆ, "ಇಂಡಿಯಾದಿಂದ ಈಗಷ್ಟೇ ಬಂದೆ" ಅಂತ ಡಾಕ್ಟರಿಗೆ ನೀವೇ ಮೊದಲು ಹೇಳಿ. ಅವರು ಕೇಳಲಿ ಅಂತ ಕಾಯಬೇಡಿ, ಫ್ಲೂ ಅಂದುಕೊಂಡು ಕಳಿಸಿಬಿಟ್ಟಾರು. ಮೆಡಿಕಲ್ ಶಾಪಿನಲ್ಲಿ ಐಬುಪ್ರೊಫೇನ್ ಸಲೀಸಾಗಿ ಸಿಗುತ್ತದೆ. ಡೆಂಗ್ಯೂ ಅಲ್ಲ ಅಂತ ಗೊತ್ತಾಗುವವರೆಗೆ ಅದನ್ನು ಮುಟ್ಟಬೇಡಿ, ರಕ್ತಸ್ರಾವ ಜಾಸ್ತಿ ಆಗಬಹುದು. ಪ್ಯಾರಾಸಿಟಮಾಲ್ ಸಾಕು. ನಿಮ್ಮಿಂದ ಇಲ್ಲಿನ ಸೊಳ್ಳೆಗೆ ಸೋಂಕು ದಾಟದ ಹಾಗೆ, ಜ್ವರ ಇಳಿಯುವ ತನಕ ಹಗಲಲ್ಲೂ ಸೊಳ್ಳೆ ಕ್ರೀಮ್ ಹಚ್ಚಿಕೊಂಡೇ ಇರಿ.